ಬಸ್ ನಿಂತರೆ ಡ್ರೈವರ್ ಯಾರನ್ನು ಕೇಳಬೇಕು?

ನಾನು ಗದಗ ಕಡೆಯವನು. ಮುಂಬೈಗೆ ಬಂದು 22 ವರ್ಷವಾಯಿತು. ನಮ್ಮ ಚಾಳಿನಲ್ಲಿ, ಅಂದರೆ ವಠಾರದಲ್ಲಿ, ಇಂಡಿ ತಾಲ್ಲೂಕಿನವರೊಬ್ಬರಿದ್ದಾರೆ. ಸಿಟಿ ಬಸ್ ಓಡಿಸುತ್ತಿದ್ದರು, ಗುತ್ತಿಗೆ ಕಂಪನಿಯೊಂದರಲ್ಲಿ. ಒಂದು ರಾತ್ರಿ ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಬಂದರು. ಅದರಲ್ಲಿ ಸ್ಟೇರಿಂಗ್ ಮುಂದೆ ಇಟ್ಟುಕೊಳ್ಳುತ್ತಿದ್ದ ಸಿದ್ಧೇಶ್ವರನ ಫೋಟೊ, ಗಾಜು ಒರೆಸುವ ಬಟ್ಟೆ, ನೀರಿನ ಬಾಟಲಿ. "ನಾಳಿಂದ ಗಾಡಿ ಇಲ್ಲಂತ್ರಿ ಅಣ್ಣಾರ. ಎರಡು ತಿಂಗಳ ಪಗಾರ ಬಾಕಿ ಐತಿ. ಯಾರ್ನ ಕೇಳ್ಬೇಕ್ರಿ ನಾವು?"

ಆ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಮುಂಬೈಯ ಸಿಟಿ ಬಸ್ ಸಂಸ್ಥೆ ಬೆಸ್ಟ್‌ನ ಬಸ್ ಓಡಲು ಶುರುವಾಗಿದ್ದು 1926ರಲ್ಲಿ. ಹಳೆಯ ಮುಂಬೈ ಮಂದಿ ಈಗಲೂ ಕಂಡಕ್ಟರನ್ನು 'ಮಾಸ್ತರ್' ಅಂತ ಕರೆಯುತ್ತಾರೆ. ಲಾಕ್‌ಡೌನ್‌ನಲ್ಲಿ ಲೋಕಲ್ ರೈಲು ನಿಂತಾಗ ನರ್ಸ್‌ಗಳನ್ನು ಆಸ್ಪತ್ರೆಗೆ ಮುಟ್ಟಿಸಿದ್ದು ಇದೇ ಕೆಂಪು ಬಸ್ಸು. ಆದರೆ ಈಗ ಎಷ್ಟೋ ಬಸ್ಸುಗಳು ಬಾಡಿಗೆಯವು. ಗಾಡಿಯೂ ಕಂಪನಿಯದು, ಡ್ರೈವರೂ ಕಂಪನಿಯವನು, ದುಡ್ಡು ಕಿಲೋಮೀಟರ್ ಲೆಕ್ಕದಲ್ಲಿ. ಲೆಕ್ಕ ಕೂಡಿಬರದಿದ್ದರೆ ಕಂಪನಿ ಗಾಡಿ ವಾಪಸ್ ತೆಗೆದುಕೊಂಡು ಹೋಗುತ್ತದೆ. ಪ್ರಯಾಣಿಕ ಒಂದಷ್ಟು ಹೊತ್ತು ಕಾದು ಶೇರ್ ರಿಕ್ಷಾ ಹತ್ತುತ್ತಾನೆ. ಡ್ರೈವರ್ ಎಲ್ಲಿಗೆ ಹತ್ತಬೇಕು?

ನಮ್ಮ ಕರ್ನಾಟಕದ ಕಡೆ ಕಷ್ಟ ಇಲ್ಲ ಅಂತಲ್ಲ. 2021ರ ಏಪ್ರಿಲ್ ಮುಷ್ಕರದಲ್ಲಿ ಸಾರಿಗೆ ನೌಕರರ ಮನೆಯವರು ತಟ್ಟೆ ಲೋಟ ಹಿಡಿದು ಬೀದಿಗೆ ಬಂದಿದ್ದರು. ಕೆಲಸ ಕಳೆದುಕೊಂಡವರೂ ಇದ್ದರು. ಆದರೆ ಅವರಿಗೆ ಬಡಿಯಲು ಒಂದು ಬಾಗಿಲಿತ್ತು, ಅಲ್ವಾ? ನಿಗಮ ಇತ್ತು, ಸಾರಿಗೆ ಮಂತ್ರಿ ಇದ್ದರು. 1997ರಲ್ಲಿ ಕೆಎಸ್‌ಆರ್‌ಟಿಸಿಯಿಂದ ಬಿಎಂಟಿಸಿ ಬೇರೆಯಾದಾಗ ಬಸ್ಸಿನ ಮೇಲಿನ ಹೆಸರು ಬದಲಾಯಿತು, ನೌಕರಿ ಉಳಿಯಿತು. ಈಗ ಬೆಂಗಳೂರಿನ ಎಲೆಕ್ಟ್ರಿಕ್ ಬಸ್ಸಿನಲ್ಲಿ ಕಂಡಕ್ಟರ್ ನಿಗಮದವರು, ಡ್ರೈವರ್ ಕಂಪನಿಯವರು. ಅಂದರೆ ಮುಂಬೈಯ ಕಷ್ಟ ಅಲ್ಲಿಗೂ ಹೊರಟಿದೆ. ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕೆಲಸ ಕೊಟ್ಟ ಮೂಲ ಸಂಸ್ಥೆಯೇ ಕೊಡಬೇಕು ಅಂತ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ಇದು ಎಷ್ಟು ಡ್ರೈವರ್‌ಗಳಿಗೆ ಗೊತ್ತು? ನಮ್ಮ ಇಂಡಿಯವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಇನ್ನೊಂದು ಮಾತನ್ನು ಟೆಂಡರಿನಲ್ಲೇ ಬರೆಸಬೇಕು: ಆ ರೂಟು ಹೊಸ ಕಂಪನಿಗೆ ಹೋದರೆ ಹಳೆಯ ಡ್ರೈವರ್‌ಗಳನ್ನೇ ಮೊದಲು ತೆಗೆದುಕೊಳ್ಳಬೇಕು. ರಸ್ತೆ ಅದೇ, ಸ್ಟಾಪ್ ಅದೇ. ಓಡಿಸುವವರು ಮಾತ್ರ ಯಾಕೆ ಬೇರೆಯಾಗಬೇಕು?

ನಾವು ಚಾಳಿನವರು ಸೇರಿ ಇಂಡಿಯವರ ಎರಡು ತಿಂಗಳ ಬಾಡಿಗೆ, ಮಗಳ ಶಾಲೆಯ ಫೀಸು ಹೊಂದಿಸಿದೆವು. ದುಡ್ಡಿಗಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಕಾಗದಪತ್ರದ ಕೆಲಸ. ಕನ್ನಡ ಸಂಘದ ಒಬ್ಬರು, ನಿವೃತ್ತ ಬ್ಯಾಂಕಿನವರು, ಭಾನುವಾರ ಬಂದು ಕೂತರು. ಪಿಎಫ್ ಪಾಸ್‌ಬುಕ್ ತೆಗೆದು ನೋಡಿದರು. ಸಂಬಳದಲ್ಲಿ ಹಿಡಿದ ದುಡ್ಡು ಕೆಲವು ತಿಂಗಳು ಖಾತೆಗೆ ಬಿದ್ದೇ ಇರಲಿಲ್ಲ. ಮರಾಠಿಯಲ್ಲಿ ಅರ್ಜಿ ಬರೆದು, ಲೇಬರ್ ಆಫೀಸಿಗೆ ಜೊತೆಗೆ ಹೋದರು. ಸಂಘಗಳು ರಾಜ್ಯೋತ್ಸವ ಮಾಡಲಿ, ಮಾಡಲೇಬೇಕು. ತಿಂಗಳಿಗೊಂದು ಭಾನುವಾರ ಹೀಗೆ ಕೂರಲೂ ಒಂದು ಕುರ್ಚಿ ಹಾಕಲಿ.

ನಮ್ಮ ಇಂಡಿಯವರು ಈಗ ಭಿವಂಡಿಯಲ್ಲಿ ಟೆಂಪೊ ಓಡಿಸುತ್ತಾರೆ. ಬಸ್ಸಿನ ಬ್ಯಾಡ್ಜ್ ರಿನ್ಯೂ ಮಾಡಿಸಿಟ್ಟಿದ್ದಾರೆ. ಆ ಎರಡು ತಿಂಗಳ ಪಗಾರ ಇನ್ನೂ ಬಂದಿಲ್ಲ.