ಸುಟ್ಟರೆ ಕಟ್ಟಿಗೆ, ಕೆತ್ತಿದರೆ ಕೇಸು

ನಮ್ಮನೆ ಬಚ್ಚಲೊಲೆ ಶಿರಸಿ ಸೀಮೆಯ ಅತಿ ಶ್ರೀಮಂತ ಒಲೆ. ಅದು ಹಲಸು ತಿಂದಿದೆ, ಮತ್ತಿ ತಿಂದಿದೆ, ಹೊನ್ನೆ ತಿಂದಿದೆ. ಅಡಿಕೆ ಬೇಯಿಸುವ ಕಾಲದಲ್ಲಿ ಅಂಗಳದ ದೊಡ್ಡ ಒಲೆಗೂ ಅದೇ ಊಟ. ಇಷ್ಟು ವರ್ಷದಲ್ಲಿ ಒಬ್ಬರಾದರೂ ಬಂದು "ಈ ಹೊಗೆ ಯಾವ ಜಾತಿಯ ಮರದ್ದು?" ಅಂತ ಕೇಳಿದ್ದಿಲ್ಲ. ಹೊಗೆಗೆ ಅರಣ್ಯ ಇಲಾಖೆಯ ಪಾಸ್ ಬೇಕಾಗಿಲ್ಲ ನೋಡಿ.

ನಾನು ಮಾಡಿದ ತಪ್ಪು ಒಂದೇ. ಮೂರು ಮಳೆಗಾಲದ ಹಿಂದೆ, ಒಲೆಗೆ ತುರುಕುವ ಮುಂಚೆ ಒಂದು ತುಂಡನ್ನು ತಿರುಗಿಸಿ ನೋಡಿದೆ.

ಆಷಾಢದ ಗಾಳಿಗೆ ಮುರಿದು ಬಿದ್ದ ಬೀಟೆ, ಅಂದರೆ ರೋಸ್‌ವುಡ್ ಕೊಂಬೆ ಅದು. ಕೊಡಲಿ ಸೀಳಿದ ಮುಖದಲ್ಲಿ ನೇರಳೆ ಹಣ್ಣಿನ ಬಣ್ಣ. ಕವಲೊಡೆದ ಜಾಗದಲ್ಲಂತೂ ಕಪ್ಪು ಗೆರೆಗಳು ಯಕ್ಷಗಾನದ ಕೇದಗೆ ಮುಂದಲೆಯ ಹಾಗೆ ಬಿಚ್ಚಿಕೊಂಡಿದ್ದವು. ಇದನ್ನು ಸುಟ್ಟು ನಾನು ಬೆನ್ನು ತೊಳೆದುಕೊಳ್ಳಬೇಕಾ? ಮನಸ್ಸು ಬರಲಿಲ್ಲ. ಎಲೆ-ಅಡಿಕೆ ಇಡಲು ಒಂದು ಕವಳದ ಪೆಟ್ಟಿಗೆ ಮಾಡೋಣ ಅಂದುಕೊಂಡೆ.

ಒಮ್ಮೆ ಕಣ್ಣು ಬಿದ್ದರೆ ಮುಗಿಯಿತು. ಕಟ್ಟಿಗೆ ರಾಶಿಯ ತುಂಬ ಚೆಲುವೇ ಕಾಣತೊಡಗಿತು. ಮಳೆಗೆ ನೆನೆದ ಮಾವಿನ ಹೋಳಿನಲ್ಲಿ ಬೂಷ್ಟು ಹೊಕ್ಕು ಕಪ್ಪು ಗೆರೆ ಎಳೆದಿತ್ತು. ಒಂದು ಬೂಷ್ಟು ಇನ್ನೊಂದು ಬೂಷ್ಟಿಗೆ "ಇದು ನನ್ನ ಜಾಗ" ಅಂತ ಹಾಕಿಕೊಳ್ಳುವ ಗಡಿಯಂತೆ ಅದು. ನಮ್ಮ ಸರ್ವೆಯವರಿಗಿಂತ ನೀಟಾಗಿದೆ, ತಕರಾರೂ ಇಲ್ಲ. ಹಲಸಿನ ತುಂಡು ಇವತ್ತು ಅರಿಶಿನದ ಬಣ್ಣ, ವರ್ಷ ಕಳೆದ ಹಾಗೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ನಾನು ಒಂದೊಂದೇ ಎತ್ತಿ ನೋಡುತ್ತ ಕೂತಿದ್ದರೆ ಹೆಂಡತಿ ಬಚ್ಚಲಿನಿಂದ ಕೂಗಿದಳು: "ಕಟ್ಟಿಗೆ ತರ್ತಿದ್ದೀರೋ, ಹೆಣ್ಣು ನೋಡ್ತಿದ್ದೀರೋ?"

ಕಟ್ಟಿಗೆ ಉಳಿಸುವುದು ಸುಲಭ ಅಲ್ಲ. ಹಸಿ ತುಂಡು ತುದಿಯಲ್ಲಿ ಬೇಗ ಆರುತ್ತದೆ, ನಡುವಿನಲ್ಲಿ ನಿಧಾನ. ಈ ಜಗಳದಲ್ಲಿ ತುದಿ ಬಿರಿಯುತ್ತದೆ. ಅದಕ್ಕೆ ಎರಡೂ ತುದಿಗೆ ಮೇಣ ಬಳಿಯಬೇಕು. ದುಂಡಗೆ ಇಟ್ಟರೆ ಸೀಳುವುದು ಗ್ಯಾರಂಟಿ, ನಟ್ಟನಡುವೆ ಎರಡು ಹೋಳು ಮಾಡಿಡಬೇಕು. ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ನೆರಳಿನಲ್ಲಿ ಒಣಗಬೇಕು ಅನ್ನುವುದು ಹಳೇ ಲೆಕ್ಕ. ನಮ್ಮ ಮಲೆನಾಡಿನ ಜಡಿಮಳೆಯನ್ನು ಕೇಳಿ ಮಾಡಿದ ಲೆಕ್ಕ ಅಲ್ಲ ಅದು. ಅಟ್ಟದ ಮೇಲೆ, ಅಡಿಕೆ ಚೀಲದ ಪಕ್ಕ ಇಟ್ಟೆ.

ಆ ಒಂದು ವರ್ಷ ಸುಮ್ನೆ ಇರಬಹುದಿತ್ತು. ಆದರೆ ನಾನು ಕಾನೂನಿಗೆ ಹೆದರುವ ಜನ. ಒಂದು ಕಚೇರಿಗೆ ಹೋದೆ. ಯಾವ ಕಚೇರಿ ಅಂತ ಕೇಳಬೇಡಿ, ನಾನಿನ್ನೂ ಇದೇ ಊರಲ್ಲಿ ಬಾಳಬೇಕು.

"ಸರ್, ಬೀಟೆಯದ್ದು ಒಂದು ಒಣ ಕೊಂಬೆ. ಪೆಟ್ಟಿಗೆ ಮಾಡಬಹುದಾ?"

ಅವರು ಕನ್ನಡಕ ತೆಗೆದರು. "ಏನು ಮಾಡ್ಬೇಕು ಅಂತಿದ್ರಿ ಮೊದಲು?"

"ಸುಡಬೇಕು ಅಂತ."

"ಮತ್ತೆ ಸುಡಿ ಮಾರಾಯ್ರೇ! ಬೀಟೆ ಅಂತ ಯಾಕೆ ಬಾಯಿ ಬಿಟ್ರಿ? ಕಟ್ಟಿಗೆ ಅಂದಿದ್ರೆ ಆಗ್ತಿತ್ತು. ಈಗ ಕಿವಿಗೆ ಬಿತ್ತಲ್ಲ, ಅರ್ಜಿ ಕೊಡಿ. ಪಹಣಿ, ನಕಾಶೆ, ಮರ ನಿಂತಿದ್ದ ಜಾಗದ ಫೋಟೋ."

"ಮರ ಈಗಲೂ ನಿಂತಿದೆ ಸರ್. ಬಿದ್ದಿದ್ದು ಕೊಂಬೆ."

"ಹಾಗಾದರೆ ಬೀಳುವಾಗಿನ ಫೋಟೋ."

ಬ್ರಿಟಿಷರ ಕಾಲದಿಂದ ನಮ್ಮ ಜಿಲ್ಲೆಯ ಅಡಿಕೆ ತೋಟದವರಿಗೆ ಸೊಪ್ಪಿನ ಬೆಟ್ಟ ಅಂತ ಒಂದು ಸೌಲಭ್ಯ ಇದೆ. ಎಕರೆ ತೋಟಕ್ಕೆ ಹೆಚ್ಚೆಂದರೆ ಒಂಬತ್ತು ಎಕರೆ ಬೆಟ್ಟ. ಸೊಪ್ಪು ತನ್ನಿ, ದರಕು (ಒಣ ಎಲೆ) ತನ್ನಿ, ಮನೆ ಖರ್ಚಿಗೆ ಒಣಕಟ್ಟಿಗೆ ತನ್ನಿ. ಈ ಮನೆ ಖರ್ಚು ಅಂದರೆ ಬೂದಿ ಅಂತ ನನಗೆ ಆವತ್ತೇ ಅರ್ಥವಾಗಿದ್ದು.

ಸುಮ್ಮನೆ ಆ ಮನುಷ್ಯರನ್ನು ಬೈದು ಉಪಯೋಗ ಇಲ್ಲ ಬಿಡಿ. ದೇಶದ ಅರಣ್ಯ ಕಾಯ್ದೆ 1927ರದ್ದು. ಅದರ ಪ್ರಕಾರ ಬಿದ್ದ ಮರವೂ ನಾಟಾ (ಮರಮಟ್ಟು), ಕಡಿದ ಮರವೂ ನಾಟಾ, ತುಂಡು ಮಾಡಿದರೂ, ರೂಪ ಕೊಟ್ಟರೂ, ಒಳಗೆ ಕೊರೆದು ಟೊಳ್ಳು ಮಾಡಿದರೂ ನಾಟಾ. ಅಂದರೆ ಅಜ್ಜಿಯ ಉಪ್ಪಿನ ಮರಿಗೆ, ಸಾರಿನ ಸಟ್ಟುಗ, ಮಜ್ಜಿಗೆ ಕಡೆಗೋಲು, ಎಲ್ಲ ನಾಟಾವೇ. ಇದೇ ಕಾಯ್ದೆ ಬಿದಿರನ್ನೂ ಮರ ಅಂತ ಬರೆದಿತ್ತು. ಬಿದಿರು ಹುಲ್ಲಿನ ಜಾತಿ ಅಂತ ನಮ್ಮೂರ ಎಮ್ಮೆಗೂ ಗೊತ್ತು. ಕಾಯ್ದೆಗೆ ಗೊತ್ತಾಗುವ ಹೊತ್ತಿಗೆ 2017 ಬಂತು. ತೊಂಬತ್ತು ವರ್ಷ! ಆ ಲೆಕ್ಕದಲ್ಲಿ ನನ್ನ ಪೆಟ್ಟಿಗೆಯನ್ನು ಪೆಟ್ಟಿಗೆ ಅಂತ ಒಪ್ಪುವಾಗ ನನ್ನ ಮೊಮ್ಮಗನ ಹಲ್ಲು ಬಿದ್ದಿರುತ್ತದೆ. ಅದೇ 2017ರಲ್ಲಿ ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಾವಲೂ ಬಂತು. ಕಳ್ಳಸಾಗಣೆ ಜಾಸ್ತಿ ಆಗಿತ್ತು, ಕಾವಲು ಬೇಕೇ ಬೇಕಿತ್ತು, ಅದರಲ್ಲಿ ನನ್ನ ತಕರಾರಿಲ್ಲ. ಲಾರಿ ತುಂಬಾ ದಿಮ್ಮಿ ಸಾಗಿಸುವವನಿಗೂ, ಗೇಣುದ್ದದ ಕೊಂಬೆ ಹಿಡಿದು ಬಾಗಿಲಲ್ಲಿ ನಿಂತವನಿಗೂ ಒಂದೇ ಫಾರಂ ಅನ್ನುವುದೊಂದೇ ನನ್ನ ಬೇಜಾರು. ಲಾರಿಯವನು ಫಾರಂ ಕೇಳುವುದೂ ಇಲ್ಲ.

ಈ ನಡುವೆ ಊರಲ್ಲಿ ಕರಕುಶಲ ಉಳಿಸುವ ಸಮಾರಂಭ ಒಂದಾಯಿತು. ಅತಿಥಿಗಳು ಮಾರಿಕಾಂಬೆಗೆ ಕೈಮುಗಿದೇ ವೇದಿಕೆ ಹತ್ತಿದರು. ಏಳಡಿ ಎತ್ತರದ ಆ ದೇವಿಯೂ ಮರದ್ದೇ, ಪುಣ್ಯಕ್ಕೆ ಹಳೇ ಕಾಲದ್ದು. ಮರ ಕೆತ್ತುವ ಗುಡಿಗಾರರ ಕೈಚಳಕದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. "ನಿಮ್ಮ ಕಾಡೇ ನಿಮ್ಮ ಸಂಪತ್ತು, ಮೌಲ್ಯವರ್ಧನೆ ಮಾಡಿ" ಅಂದರು. ಚಪ್ಪಾಳೆ. ಆಮೇಲೆ ಅವರಿಗೆ ನೆನಪಿನ ಕಾಣಿಕೆ ಕೊಟ್ಟರು. ಬೀಟೆಯ ಗೆರೆ ಅಚ್ಚು ಹಾಕಿದ ಸ್ಟಿಕ್ಕರ್, ಹಿಂದೆ ಮರದ ಹೊಟ್ಟಿನ ಹಲಗೆ. ನಾನು ಮುಟ್ಟಿ ನೋಡಿದೆ. ಮೂಲೆಯಲ್ಲಿ ಸ್ಟಿಕ್ಕರ್ ಎದ್ದಿತ್ತು.

ಹಲಸಿನ ಹಪ್ಪಳ ಮಾಡಿದರೆ ಮೌಲ್ಯವರ್ಧನೆ, ಬೀಟೆಯ ಪೆಟ್ಟಿಗೆ ಮಾಡಿದರೆ ವಿಚಾರಣೆ. ಕಾಡಿನ ನಡುವಿನ ಹೋಂಸ್ಟೇಗಳಿಗೆ ಹೋಗಿ ನೋಡಿ, ತೊಗಟೆ ಸಮೇತದ ಹಲಗೆಯ ಮೇಲೆ ತೆಳ್ಳೇವು (ತೆಳು ದೋಸೆ) ಬರುತ್ತದೆ. ಹಲಗೆ ಯಾವ ಊರಿನದ್ದು ಅಂತ ಕೇಳಿದರೆ ಆನ್‌ಲೈನ್ ಅನ್ನುತ್ತಾರೆ.

ಕೊಂಬೆ ಒಣಗಿತು. ಅರ್ಜಿ ಇನ್ನೂ ಹಸಿಯಾಗಿದೆ. ಕಾದು ಕಾದು ಪೆಟ್ಟಿಗೆ ಮಾಡಿಯೇ ಬಿಟ್ಟೆ. ಮುಚ್ಚಳದ ಮೇಲೆ ಆ ಕೇದಗೆ ಮುಂದಲೆ ಬರುವ ಹಾಗೆ. ಒಂದು ಮೂಲೆ ಸ್ವಲ್ಪ ಓರೆ ಆಗಿದೆ, ಆಚಾರಿಗೆ ತೋರಿಸಿಲ್ಲ.

ಈಗ ಅದನ್ನು ಬಚ್ಚಲೊಲೆಯ ಪಕ್ಕ, ಕಟ್ಟಿಗೆ ರಾಶಿಯ ಮೇಲೇ ಇಟ್ಟಿದ್ದೇನೆ. ಒಳಗೆ ಎಲೆ, ಅಡಿಕೆ, ಸುಣ್ಣ, ಜೊತೆಗೆ ಒಂದು ಬೆಂಕಿಪೊಟ್ಟಣ. ಮೊನ್ನೆ ಭಾವ ಬಂದವನು ಕವಳ ಹಾಕುತ್ತ, "ಎಂತಾ ಚೆಂದದ ಪೆಟ್ಟಿಗೆ ಮಾರಾಯ!" ಅಂದ.

"ಮೆತ್ತಗೆ ಮಾತಾಡು ಭಾವ," ಅಂದೆ. "ಅದು ಪೆಟ್ಟಿಗೆ ಅಲ್ಲ, ಕಟ್ಟಿಗೆ. ಸುಡಲಿಕ್ಕೇ ಇಟ್ಟಿದ್ದು. ಹಂಡೆಯ ನೀರು ಇನ್ನೂ ಬಿಸಿ ಇದೆ, ಹಾಗಾಗಿ ಸ್ವಲ್ಪ ತಡ ಆಗಿದೆ."