ಸಜೆಶನ್‌ಗೆ ನಿಂತವನ ನಾಲ್ಕು ಮಾತು

ಯೂಟ್ಯೂಬ್ ಚಾನೆಲ್‌ಗಳ ಹುಡುಗರು ಆಗಾಗ ಮನೆಗೆ ಬರುತ್ತಾರೆ. ಒಳ್ಳೆಯ ಹುಡುಗರೇ. ಕಾಲಿಗೆ ನಮಸ್ಕಾರ ಮಾಡುತ್ತಾರೆ, ಅಂಗಿಗೆ ಮೈಕ್ ಸಿಕ್ಕಿಸುತ್ತಾರೆ, ಆಮೇಲೆ ಶುರು. "ಸಾರ್, ಆ ಹೀರೋಗೂ ಈ ಹೀರೋಗೂ ನಿಜವಾಗ್ಲೂ ಆಗ್ತಿರ್ಲಿಲ್ವಾ?" "ಆ ನಾಯಕಿ ಯಾಕೆ ಸಿನಿಮಾ ಬಿಟ್ರು?" ಗೊತ್ತಿದ್ದರೂ ನಾನು ಹೇಳುವುದಿಲ್ಲ. ಆದರೆ ಜೀವಮಾನವಿಡೀ ಇದೇ ಕೆಲಸ ಮಾಡಿದವನನ್ನು ಎದುರಿಗೆ ಕೂರಿಸಿಕೊಂಡು, ಕೆಲಸದ ಬಗ್ಗೆ ಒಂದೂ ಪ್ರಶ್ನೆ ಕೇಳದೆ ಎದ್ದು ಹೋಗುತ್ತಾರಲ್ಲ! ಅದಕ್ಕೇ ಇಲ್ಲಿ ನಾನೇ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಪುರುಸೊತ್ತಿದ್ದವರು ಓದಿ.

ನಾನು ಪೋಷಕ ನಟ. ಅಪ್ಪ, ಮಾವ, ಶಾನುಭೋಗ, ಡಾಕ್ಟರ್, ಊರಗೌಡ, ಎಲ್ಲಾ ಆಗಿದ್ದೇನೆ. ಹೀರೋ ಆಗಲಿಲ್ಲ ಅಂತ ಬೇಜಾರಿಲ್ವಾ ಅಂತ ಕೇಳುತ್ತಾರೆ. ಇಲ್ಲಪ್ಪ. ನಮ್ಮ ಮನೆಯಲ್ಲೂ ಕನ್ನಡಿ ಇದೆ.

ನಮ್ಮ ಕೆಲಸ ಏನು ಅಂತ ಹೇಳುತ್ತೇನೆ ಕೇಳಿ. ಕ್ಯಾಮೆರಾ ಹೀರೋ ಮುಖದ ಮೇಲಿರುತ್ತದೆ. ಫ್ರೇಮಿನ ಅಂಚಿನಲ್ಲಿ ಎದುರಿಗೆ ನಿಂತವನ ಭುಜ, ಕಿವಿಯ ಹಿಂಭಾಗ, ಒಂದಿಷ್ಟು ಕೂದಲು ಕಾಣುತ್ತದೆ. ಅದಕ್ಕೆ ಸೆಟ್‌ನಲ್ಲಿ ಸಜೆಶನ್ ಅಂತಾರೆ. ಲೆಕ್ಕ ಹಾಕಿದರೆ ನನ್ನ ಮುಖಕ್ಕಿಂತ ಜಾಸ್ತಿ ದುಡಿದಿರುವುದು ನನ್ನ ಎಡಭುಜ. ಭುಜ ತಾನೇ ಅಂತ ಸುಮ್ನೆ ನಿಂತರೆ ಆಗಲ್ಲ. ಮಗ ಮನೆ ಬಿಟ್ಟು ಹೋಗುವ ಸೀನ್ ಅಂದುಕೊಳ್ಳಿ. ಅವನ ಕಣ್ಣು ತುಂಬಬೇಕಾದರೆ ಎದುರಿಗೆ ಅಪ್ಪನ ಮುಖ ಇರಬೇಕು. ಕ್ಯಾಮೆರಾಗೆ ಕಾಣದ ಆ ಮುಖದಲ್ಲಿ ನಾನು ಪೂರ್ತಿ ಅಭಿನಯಿಸುತ್ತಿದ್ದೆ. ತುಟಿ ನಡುಗಿಸುತ್ತಿದ್ದೆ, ಮಾತು ನುಂಗುತ್ತಿದ್ದೆ. ಹೀರೋ ಅತ್ತ, ಥಿಯೇಟರಿನಲ್ಲಿ ಜನ ಅತ್ತರು, ಪ್ರಶಸ್ತಿ ಅವನಿಗೆ ಬಂತು. ಬರಲಿ, ಅತ್ತವನು ಅವನೇ ಅಲ್ವಾ.

ಈಗ ಕೆಲವರು ತಮ್ಮ ಕ್ಲೋಸಪ್ ಮುಗಿದ ಕೂಡಲೇ ಕ್ಯಾರವಾನ್ ಹತ್ತುತ್ತಾರೆ. ನನ್ನ ಕ್ಲೋಸಪ್‌ಗೆ ಎದುರು ನಿಲ್ಲುವುದು ಒಬ್ಬ ಅಸಿಸ್ಟೆಂಟ್ ಡೈರೆಕ್ಟರ್ ಹುಡುಗ. ಬೆಳಗ್ಗೆ ನಾಲ್ಕಕ್ಕೆ ಎದ್ದು ಬಂದಿರುತ್ತಾನೆ ಪಾಪ. ನನ್ನ ಹೆಂಡತಿ ಸತ್ತ ಸುದ್ದಿಯನ್ನು ಕಂಡಕ್ಟರ್ ಸ್ಟಾಪಿನ ಹೆಸರು ಕೂಗಿದ ಹಾಗೆ ಓದುತ್ತಾನೆ. ಅದನ್ನು ಕೇಳಿ ನಾನು ಕುಸಿದು ಕೂರಬೇಕು. ಕೂರುತ್ತೇನೆ, ಅಭ್ಯಾಸ ಇದೆ. ಆದರೆ ಎದುರಿಗೆ ಮನುಷ್ಯ ಇದ್ದಾಗ ಬರುವುದೇ ಬೇರೆ.

ಟಿ.ಎನ್. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿನವರ ತುಟಿ ನೋಡಿಕೊಂಡೇ ತಮ್ಮ ಮಾತು ಹೇಳುತ್ತಿದ್ದರು. ಆದರೂ ಅವರ ಟೈಮಿಂಗ್ ನೋಡಿ, ಒಂದು ಕ್ಷಣವೂ ತಪ್ಪುವುದಿಲ್ಲ. 1972ರ 'ನಾಗರಹಾವು' ಬಗ್ಗೆ ಎಲ್ಲರೂ ರಾಮಾಚಾರಿಯ ಕೋಪದ ಮಾತಾಡುತ್ತಾರೆ. ಮುಂದಿನ ಸಲ ನೋಡುವಾಗ ಚಾಮಯ್ಯ ಮೇಷ್ಟ್ರ ಮುಖ ನೋಡಿ. ಆ ಹುಡುಗನ ಕೋಪಕ್ಕೆ ತೂಕ ಬಂದಿರುವುದು ಅಶ್ವತ್ಥ್ ಅವರ ಕಣ್ಣಿಂದ.

ನಾನು ನಾಟಕ ಕಂಪನಿಯಿಂದ ಬಂದವನು. ಕೊನೆಯ ಸಾಲಿನವನಿಗೂ ಕೇಳುವ ಹಾಗೆ ಕೂಗಿಯೇ ಅಭ್ಯಾಸ. 1970ರ ದಶಕದ ಶುರುವಿನಲ್ಲಿ ಮದ್ರಾಸಿಗೆ ಹೋದೆ. ಕನ್ನಡ ಸಿನಿಮಾದ ಬಹಳಷ್ಟು ಕೆಲಸ ಆಗ ಕೋಡಂಬಾಕ್ಕಂನಲ್ಲೇ ಆಗುತ್ತಿತ್ತು, ಫ್ಲೋರೂ ಅಲ್ಲೇ, ಲ್ಯಾಬೂ ಅಲ್ಲೇ. 1000 ಅಡಿ ಫಿಲ್ಮ್ ಅಂದರೆ ಸುಮಾರು 11 ನಿಮಿಷ, ಅಷ್ಟೇ. ಟೇಕ್ ಕೆಡಿಸಿದರೆ ಯಾರೂ ಬೈಯುತ್ತಿರಲಿಲ್ಲ, ಪ್ರೊಡಕ್ಷನ್ ಮ್ಯಾನೇಜರ್ ಒಂದು ಸಲ ತಿರುಗಿ ನೋಡುತ್ತಿದ್ದರು, ಸಾಕಾಗುತ್ತಿತ್ತು. ಅದಕ್ಕೇ ರಿಹರ್ಸಲ್ ಮೇಲೆ ರಿಹರ್ಸಲ್. ಡಬ್ಬಿಂಗ್ ಇನ್ನೊಂದು ಕಥೆ. ಸೀನನ್ನು ಸಣ್ಣ ಸಣ್ಣ ತುಂಡು ಮಾಡಿ ಲೂಪ್ ಕಟ್ಟುತ್ತಿದ್ದರು. ಅದೇ ತುಂಡು ಪರದೆ ಮೇಲೆ ಸುತ್ತಿ ಸುತ್ತಿ ಬರುತ್ತಿತ್ತು. ಒಂದೇ ಮೈಕಿನ ಸುತ್ತ ನಾಲ್ಕೈದು ಜನ ನಿಲ್ಲಬೇಕು. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿಂದ. ಸದ್ದಾಗಬಾರದು ಅಂತ ಫ್ಯಾನ್ ಇಲ್ಲ, ಮದ್ರಾಸಿನ ಸೆಕೆ, ಹಿರಿಯರೆಲ್ಲ ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ನಿಂತು ಮಹಾರಾಜರ ಮಾತು ಹೇಳುತ್ತಿದ್ದರು. ಉಸಿರು ಹಿಡಿಯುವುದು, ಇನ್ನೊಬ್ಬರ ಮಾತು ಮುಗಿಯುವ ತನಕ ತಾಳುವುದು, ಎರಡನ್ನೂ ನಾನು ಕಲಿತದ್ದು ಅಲ್ಲಿ.

ದುಡ್ಡಿನ ವಿಷಯ ಜಾಸ್ತಿ ಬರೆಯಲ್ಲ. ದಿನದ ಲೆಕ್ಕದ ಸಂಭಾವನೆ, ಬೌನ್ಸ್ ಆದ ಒಂದಷ್ಟು ಚೆಕ್ಕು. ಆ ನಿರ್ಮಾಪಕರಲ್ಲಿ ಕೆಲವರು ನನಗಿಂತ ಕಷ್ಟದಲ್ಲಿ ಹೋದರು.

ತೆರೆಯ ಮೇಲೆ ಎಷ್ಟೋ ಹೆಣ್ಣುಮಕ್ಕಳನ್ನು ಧಾರೆ ಎರೆದು ಕೊಟ್ಟೆ, ಗ್ಲಿಸರಿನ್ ಇಲ್ಲದೆ ಅತ್ತೆ. ನಮ್ಮ ಮನೆ ಹುಡುಗಿಯ ಮದುವೆಯಲ್ಲಿ ಕಣ್ಣೀರೇ ಬರಲಿಲ್ಲ. ಊಟಕ್ಕೆ ಸಾಲದಿದ್ದರೆ ಅನ್ನುವ ಚಿಂತೆಯಲ್ಲಿ ಅಳುವುದಕ್ಕೆ ಪುರುಸೊತ್ತೆಲ್ಲಿ? "ಸಿನಿಮಾದಲ್ಲಿ ಅಷ್ಟು ಅಳ್ತಾನೆ, ಇಲ್ಲಿ ನೋಡಿ" ಅಂತ ಬೀಗರ ಕಡೆಯವರು ಮಾತಾಡಿಕೊಂಡರಂತೆ.

ನನ್ನ ತಕರಾರು ಬೇರೆ. ಮೊದಲು ಒಂದು ಕಥೆಯಲ್ಲಿ ಊರಿರುತ್ತಿತ್ತು. ಪೋಸ್ಟ್‌ಮಾಸ್ಟರ್, ಜಗಳಗಂಟಿ ಅತ್ತೆ, ಸಾಲ ಕೊಡುವ ಶೆಟ್ಟರು, ಕಿವುಡು ಅಜ್ಜ. ಎರಡು ಸೀನ್ ಇದ್ದರೂ ಅವರಿಗೊಂದು ಹೆಸರು, ಒಂದು ಚಟ ಇರುತ್ತಿತ್ತು. ಈಗ ಹೀರೋ ಇದ್ದಾನೆ, ಹೊಡೆಸಿಕೊಳ್ಳಲು ಐವತ್ತು ಜನ ಇದ್ದಾರೆ. ಐದು ಭಾಷೆಯಲ್ಲಿ ಬಿಡುವ ಸಿನಿಮಾಕ್ಕೆ ಶಾನುಭೋಗರು ಯಾಕೆ ಬೇಕು ಅಂತ ಒಬ್ಬ ಡೈರೆಕ್ಟರ್ ನನ್ನನ್ನೇ ಕೇಳಿದ. ಹೋದ ವರ್ಷ ಒಂದು ಆಫೀಸಿನಿಂದ ಫೋನ್ ಬಂತು. ಹೀರೋ ಅಪ್ಪನ ಪಾತ್ರವಂತೆ. ಡೇಟ್ಸ್ ಎಷ್ಟು ಬೇಕಪ್ಪ ಅಂದೆ. "ಡೇಟ್ಸ್ ಬೇಡ ಸಾರ್, ಒಂದು ಒಳ್ಳೆ ಫೋಟೋ ವಾಟ್ಸಾಪ್ ಮಾಡಿ. ಹಾರ ನಾವೇ ಹಾಕ್ಕೋತೀವಿ."

ನಗು ಬಂತು. ಆಮೇಲೆ ಸಿಟ್ಟು ಬಂತು. ಜನ ನೋಡಲ್ಲ ಅನ್ನುವ ಮಾತನ್ನಂತೂ ನಾನು ಒಪ್ಪಲ್ಲ. 2016ರಲ್ಲಿ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಬಂತು. ಮರೆವಿನ ಕಾಯಿಲೆಯ ಅಪ್ಪನ ಕಥೆ. ಅನಂತ್ ನಾಗ್ ಸುಮ್ಮನೆ ನಡೆದು ಹೋಗುವುದನ್ನು ಜನ ಟಿಕೆಟ್ ಕೊಟ್ಟು ನೋಡಿದರು. ಬರೆಯುವವರು ಬೇಕು, ಅಷ್ಟೇ. ಸಿನಿಮಾ ಕೈಬಿಟ್ಟ ನಮ್ಮಂಥ ಎಷ್ಟೋ ಜನರ ಮನೆಯ ಒಲೆ ಉರಿದದ್ದು ಧಾರಾವಾಹಿಗಳಿಂದ. ಧಾರಾವಾಹಿ ಅಂದರೆ ಮೂಗು ಮುರಿಯುವವರ ಜೊತೆ ನಾನು ವಾದಕ್ಕೆ ಇಳಿಯಲ್ಲ, ಎದ್ದು ಬರುತ್ತೇನೆ.

ಇನ್ನೊಂದು ವಿಷಯ ಇತ್ತೀಚೆಗೆ ಹೊಳೆಯಿತು. 1934ರ ನಮ್ಮ ಮೊದಲ ಟಾಕಿ 'ಸತಿ ಸುಲೋಚನ'ದ ಪ್ರಿಂಟೇ ಉಳಿದಿಲ್ಲ. ಅದು ಹಳೇ ಮಾತು ಅಂದುಕೊಳ್ಳೋಣ. ನಾನು ಮಾಡಿದ ಎಷ್ಟೋ ಸಿನಿಮಾಗಳೂ ಈಗ ಎಲ್ಲೂ ಸಿಗುವುದಿಲ್ಲ. ಯೂಟ್ಯೂಬಿನಲ್ಲಿ ಹುಡುಕಿದರೆ ಹಾಡುಗಳು ಮಾತ್ರ ಬರುತ್ತವೆ. ಹಾಡಿನಲ್ಲಿ ನಾವಿರುವುದಿಲ್ಲ! ಅಪ್ಪ, ಮಾವ, ಪೋಸ್ಟ್‌ಮಾಸ್ಟರ್ ಯಾವತ್ತು ತೋಟದಲ್ಲಿ ಕುಣಿದಿದ್ದಾರೆ?

ಅದಕ್ಕೇ ಒಂದು ಸಹಾಯ ಕೇಳುತ್ತೇನೆ. ನಿಮ್ಮ ಅಟ್ಟದಲ್ಲಿ ಹಳೇ ವಿಡಿಯೋ ಕ್ಯಾಸೆಟ್‌ಗಳಿದ್ದರೆ, ಬೂಷ್ಟು ಹಿಡಿದಿದ್ದರೂ ಪರವಾಗಿಲ್ಲ, ಎಸೆಯಬೇಡಿ. ನಾನು ಹುಡುಕುತ್ತಿರುವುದು ಒಂದೇ ಸಿನಿಮಾ. ಅದರಲ್ಲಿ ನನಗೆ ಕೋರ್ಟಿನಲ್ಲಿ ಒಂದು ಉದ್ದನೆಯ ಸೀನ್ ಇದೆ, ಮುಖ ಕ್ಯಾಮೆರಾ ಕಡೆಗೇ ಇದೆ. ಓಡಲಿಲ್ಲ ಆ ಸಿನಿಮಾ. ಹೆಸರು ಇಲ್ಲಿ ಹಾಕಿದರೆ ನಿರ್ಮಾಪಕರ ಮಕ್ಕಳಿಗೆ ಬೇಜಾರಾದೀತು. ಇನ್‌ಬಾಕ್ಸ್‌ಗೆ ಬನ್ನಿ, ಹೇಳುತ್ತೇನೆ.