ಜಿಬಿಎಸ್‌ನ ‘ಎಸ್’ ಯಾರು?

ನಿನ್ನೆ ಮಧ್ಯಾಹ್ನದಿಂದ ತಲೆ ಕೆಟ್ಟಿದೆ. ನಮ್ಮ ಆಸ್ಪತ್ರೆಯ ಸಭಾಂಗಣದಲ್ಲಿ ನರ್ಸಿಂಗ್ ವಿದ್ಯಾರ್ಥಿನಿಯರಿಗೆ, ನರಗಳನ್ನು ಕೆಡಿಸಿ ಕೈಕಾಲಿನ ಶಕ್ತಿ ಕುಂದಿಸುವ ಜಿಬಿಎಸ್ ಕಾಯಿಲೆಯ ಬಗ್ಗೆ ಉಪನ್ಯಾಸವಿತ್ತು. ಕೊನೆಯಲ್ಲಿ ಒಬ್ಬ ಹುಡುಗಿ ಎದ್ದು, “ಸರ್, ಗಿಯಾಂ ಒಬ್ಬರು, ಬಾರೆ ಒಬ್ಬರು. ಎಸ್ ಯಾರು?” ಎಂದು ಕೇಳಿದಳು. ಸಭೆಯೆಲ್ಲ ನಕ್ಕಿತು. ಬಂದಿದ್ದ ವೈದ್ಯರೂ ನಕ್ಕರು. “ಎಸ್ ಯಾರೂ ಅಲ್ಲಮ್ಮ, ಎಸ್ ಎಂದರೆ ಸಿಂಡ್ರೋಮ್, ಅಂದರೆ ರೋಗಲಕ್ಷಣಗಳ ಗುಂಪು. ಗಿಯಾಂ-ಬಾರೆ ಸಿಂಡ್ರೋಮ್.”

ಕೈ ಎತ್ತೋಣ ಅನಿಸಿತು, ಎತ್ತಲಿಲ್ಲ. ತುಂಬಿದ ಸಭೆಯಲ್ಲಿ ತಂತ್ರಜ್ಞನೊಬ್ಬ ವೈದ್ಯರನ್ನು ತಿದ್ದುವ ಪದ್ಧತಿ ನಮ್ಮಲ್ಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆ ಹುಡುಗಿ ಕೇಳಿದ್ದು ಸರಿಯಾಗಿಯೇ ಇತ್ತು. ಎಸ್ ಒಬ್ಬರಿದ್ದರು. ಹೆಸರು ಆಂದ್ರೆ ಸ್ಟ್ರೋಲ್.

1916, ಮೊದಲ ಮಹಾಯುದ್ಧದ ನಡುಗಾಲ. ಫ್ರಾನ್ಸಿನ ಆರನೇ ಸೇನೆಯ ನರರೋಗ ಕೇಂದ್ರದಲ್ಲಿ ಮೂವರು ವೈದ್ಯರು: ಜಾರ್ಜ್ ಗಿಯಾಂ, ಜಾಂ ಅಲೆಕ್ಸಾಂದ್ರ್ ಬಾರೆ, ಇಬ್ಬರಿಗಿಂತಲೂ ಕಿರಿಯರಾದ ಸ್ಟ್ರೋಲ್. ಅವರ ಮುಂದೆ ಇಬ್ಬರು ಸೈನಿಕರು. ಕೈಕಾಲಿನಲ್ಲಿ ಜೋಮು, ಕಾಲಿನಲ್ಲಿ ಶಕ್ತಿಯಿಲ್ಲ. ಒಬ್ಬನಂತೂ ಬೆನ್ನಿಗೆ ಚೀಲ ಏರಿಸಿಕೊಳ್ಳಲು ಹೋಗಿ ಬಿದ್ದವನು ಏಳಲಾಗಲಿಲ್ಲ. ಬೆನ್ನುಹುರಿಯ ದ್ರವವನ್ನು ತೆಗೆದು ನೋಡಿದರೆ ಪ್ರೋಟೀನು ವಿಪರೀತ ಏರಿದೆ, ಜೀವಕೋಶಗಳು ಮಾತ್ರ ಏರಿಲ್ಲ. ಸೋಂಕಿದ್ದರೆ ಎರಡೂ ಏರಬೇಕಿತ್ತು. ಇಂದಿಗೂ ವೈದ್ಯರು ಈ ಕಾಯಿಲೆಯಲ್ಲಿ ಹುಡುಕುವುದು ಇದನ್ನೇ.

ಹಾಗಾದರೆ ಸ್ಟ್ರೋಲ್ ಏನು ಮಾಡಿದರು? ಸುತ್ತಿಗೆಯಿಂದ ತಟ್ಟಿದಾಗ ಸ್ನಾಯು ಹೇಗೆ ಸ್ಪಂದಿಸುತ್ತದೆ, ಹೇಗೆ ಸ್ಪಂದಿಸುವುದಿಲ್ಲ ಎಂಬುದನ್ನು ಯಂತ್ರದಿಂದ ರೇಖೆಯಾಗಿ ಬರೆಸಿದರು. ಇದೇನು ಅಡಿಟಿಪ್ಪಣಿಗೆ ಸೇರಬೇಕಾದ ಕೆಲಸವಲ್ಲ. ಆ ಪ್ರಬಂಧದ ಉದ್ದನೆಯ ಶೀರ್ಷಿಕೆಯ ಎರಡನೇ ಭಾಗವೇ ಸ್ನಾಯುರಜ್ಜುಗಳ ಪ್ರತಿವರ್ತನೆಯ ರೇಖಾಲಕ್ಷಣಗಳ ಬಗ್ಗೆ. ಶೀರ್ಷಿಕೆಯಲ್ಲಿ ಕೆಲಸ ಉಳಿಯಿತು, ಕಾಯಿಲೆಯ ಹೆಸರಿನಲ್ಲಿ ಮನುಷ್ಯ ಉಳಿಯಲಿಲ್ಲ!

ನರಪರೀಕ್ಷೆಯ ತಂತ್ರಜ್ಞನಾಗಿ ನಾನು ಇಪ್ಪತ್ತೆರಡು ವರ್ಷಗಳಿಂದ ಮಾಡುತ್ತಿರುವುದೂ ಹೆಚ್ಚುಕಡಿಮೆ ಅದನ್ನೇ. ರೋಗಿಯ ಕೈ ತಣ್ಣಗಿದ್ದರೆ ಮೊದಲು ಬೆಚ್ಚಗೆ ಮಾಡಬೇಕು, ಇಲ್ಲದಿದ್ದರೆ ಒಳ್ಳೆಯ ನರವೂ ನಿಧಾನವೆಂದು ಸುಳ್ಳು ಹೇಳುತ್ತದೆ. ಹೆಬ್ಬೆರಳಿನ ಬುಡದಲ್ಲಿ ಎಲೆಕ್ಟ್ರೋಡ್ ಅಂಟಿಸಿ, ಮಣಿಕಟ್ಟಿನಲ್ಲಿ ಸಣ್ಣದೊಂದು ಶಾಕ್ ಕೊಟ್ಟರೆ ಹೆಬ್ಬೆರಳು ಚಕ್ಕನೆ ಕುಣಿಯುತ್ತದೆ, ಪರದೆಯ ಮೇಲೆ ಗುಡ್ಡದಂತಹ ಅಲೆ ಏಳುತ್ತದೆ. ಆರೋಗ್ಯವಂತರ ಕೈಯಲ್ಲಿ ಸಂದೇಶ ಸೆಕೆಂಡಿಗೆ 50 ಮೀಟರಿನ ಆಸುಪಾಸು ಓಡುತ್ತದೆ. ಜಿಬಿಎಸ್‌ನಲ್ಲಿ ನರದ ಹೊದಿಕೆ ಹಾಳಾದರೆ ಅದೇ ಅಲೆ ತಡವಾಗಿ, ಸೊರಗಿ ಬರುತ್ತದೆ. ಮಣಿಕಟ್ಟಿನಲ್ಲಿ ಶಾಕ್ ಕೊಟ್ಟರೆ ಗುಡ್ಡ, ಮೊಣಕೈಯಲ್ಲಿ ಕೊಟ್ಟರೆ ಇರುವೆಗೂಡು. ಇದನ್ನೆಲ್ಲ ತೆಗೆದುಕೊಡುವುದು ನಾನು. ವರದಿಯಡಿ ಸಹಿ ಯಾರದೆಂದು ಕೇಳಬೇಡಿ.

ಹೆಸರಿನ ಕಥೆಗೆ ಮರಳುತ್ತೇನೆ. 1927ರಲ್ಲಿ ದ್ರಗನೆಸ್ಕು ಮತ್ತು ಕ್ಲಾಡಿಯನ್ ಎಂಬಿಬ್ಬರು ಇಂತಹದ್ದೇ ಒಬ್ಬ ರೋಗಿಯ ಬಗ್ಗೆ ಹೇಳುವಾಗ ‘ಗಿಯಾಂ-ಬಾರೆ ಸಿಂಡ್ರೋಮ್’ ಎಂದರು. ಅವರ ಮಂಡನೆಗೆ ಮುನ್ನುಡಿ ಹೇಳಿದವರು ಯಾರು? ಸಾಕ್ಷಾತ್ ಬಾರೆ! “ಸ್ವಾಮಿ, ನಮ್ಮ ಜೊತೆ ಇನ್ನೊಬ್ಬರಿದ್ದರು” ಎನ್ನಲು ಎಷ್ಟು ಹೊತ್ತು ಬೇಕಿತ್ತು? ಗಿಯಾಂ ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ನರರೋಗತಜ್ಞ ಮಹಾನ್ ಶಾರ್ಕೋ ಕುಳಿತಿದ್ದ ಪೀಠವೇರಿದರು, ಬಾರೆ ಸ್ಟ್ರಾಸ್‌ಬರ್ಗ್‌ನಲ್ಲಿ ಪ್ರಾಧ್ಯಾಪಕರಾದರು. ಸ್ಟ್ರೋಲ್ ವೈದ್ಯಕೀಯ ಭೌತಶಾಸ್ತ್ರದತ್ತ ಹೊರಳಿ ಪ್ಯಾರಿಸ್ಸಿನಲ್ಲಿ ಅದನ್ನೇ ಕಲಿಸಿದರು. ಇಬ್ಬರಿಗಿಂತಲೂ ಹೆಚ್ಚು ಕಾಲ ಬದುಕಿ 1977ರಲ್ಲಿ ತೀರಿಕೊಂಡರು. ತಮ್ಮ ಹೆಸರಿಲ್ಲದ ಆ ಹೆಸರನ್ನು ಅರ್ಧ ಶತಮಾನ ಕೇಳಿಸಿಕೊಂಡು ಬದುಕಿದರು.

ಮನೆಯಲ್ಲಿ ಇದನ್ನು ಹೇಳಿದರೆ ಹೆಂಡತಿಯ ತೀರ್ಪು ಸಿದ್ಧವಾಗಿತ್ತು: “ಅವರು ನರಶಾಸ್ತ್ರ ಬಿಟ್ಟು ಹೋದರಲ್ಲ, ಹೆಸರು ಹೇಗೆ ಉಳಿಯುತ್ತದೆ?” ಮನೆಯ ತಳಪಾಯ ಹಾಕಿದ ಮೇಸ್ತ್ರಿ ಬೇರೆ ಊರಿಗೆ ಹೋದರೆ ತಳಪಾಯವನ್ನೂ ಕಿತ್ತುಕೊಂಡು ಹೋಗುತ್ತಾನೆಯೇ? ಮೂರು ಹೆಸರು ನಾಲಿಗೆಗೆ ಭಾರ ಎನ್ನುವವರೂ ಇದ್ದಾರೆ. 2025ರ ಜನವರಿಯಲ್ಲಿ ಪುಣೆಯಲ್ಲಿ ಜಿಬಿಎಸ್ ಹರಡಿದಾಗ ನಮ್ಮವರು ಗಿಲಿಯನ್, ಗುಲ್ಲೇನ್, ಗಿಲ್ಲಿನ್ ಎಂದೆಲ್ಲ ಬರೆದರು. ಎರಡಕ್ಕೇ ಈ ಗತಿ, ಮೂರನೆಯದರಿಂದ ಹೊಸದಾಗಿ ಕೆಡುವುದೇನಿತ್ತು? ಇನ್ನು 1859ರಲ್ಲೇ ಈ ಕಾಯಿಲೆಯನ್ನು ವರ್ಣಿಸಿದ್ದ ಫ್ರೆಂಚ್ ವೈದ್ಯ ಲ್ಯಾಂಡ್ರಿಯವರ ವಿಷಯ ಎತ್ತುವವರಿಗೆ: ಒಪ್ಪಿದೆ, ಅದು ಬೇರೆ ಜಗಳ, ಇನ್ನೊಂದು ದಿನ ಆಡೋಣ.

ಇಷ್ಟೆಲ್ಲ ಬರೆದ ಮೇಲೆ ಒಂದನ್ನು ಹೇಳದಿದ್ದರೆ ಇಂದೂ ನಿದ್ದೆ ಬರುವುದಿಲ್ಲ. ಎಂಟು ವರ್ಷಗಳ ಹಿಂದೆ ನನ್ನ ಕೈಕೆಳಗೆ ತರಬೇತಿಗೆ ಒಬ್ಬ ಹುಡುಗಿ ಇದ್ದಳು. ಒಬ್ಬ ಮುದುಕರ ವರದಿಯನ್ನು ನಾನು ‘ಸರಿಯಿದೆ’ ಎಂದು ಪಕ್ಕಕ್ಕಿಟ್ಟಿದ್ದೆ. ಅವಳು, “ಸರ್, ಈ ಅಲೆ ತಡವಾಗಿದೆ, ಇನ್ನೊಮ್ಮೆ ನೋಡೋಣವೇ?” ಎಂದಳು. ನೋಡಿದೆವು, ತಡವಾಗಿತ್ತು. ಡಾಕ್ಟರು ಬಂದು ನನ್ನ ಬೆನ್ನು ತಟ್ಟಿದಾಗ ನಾನು ಅವಳ ಕಡೆ ತಿರುಗಲಿಲ್ಲ. ಅವಳು ವೈರುಗಳನ್ನು ಸುತ್ತಿಡುತ್ತಿದ್ದಳು.

ಅವಳೀಗ ಬೇರೆ ಊರಿನಲ್ಲಿ ಇದೇ ಕೆಲಸದಲ್ಲಿದ್ದಾಳೆ, ಇಲ್ಲಿ ನನ್ನ ಸ್ನೇಹಿತರ ಪಟ್ಟಿಯಲ್ಲೂ ಇದ್ದಾಳೆ. ಹೊಸ ವರ್ಷಕ್ಕೆ ತಪ್ಪದೆ ಶುಭಾಶಯ ಕಳುಹಿಸುತ್ತಾಳೆ. ಈ ಬರಹಕ್ಕೆ ಅವಳನ್ನು ಟ್ಯಾಗ್ ಮಾಡಲೇ ಎಂದು ಅರ್ಧ ಗಂಟೆಯಿಂದ ಯೋಚಿಸುತ್ತಿದ್ದೇನೆ.